ಮೋಡ ಕಂಡಾಗ ‘ಬೇಡ’ ಎನ್ನುವವರು ಯಾರು?

ಮಳೆಯಲ್ಲಿ ರಾಕೆಟ್ ಹಾರಿಸುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಆದರೆ ಚಂದ್ರಯಾನ–1 ಶ್ರೀಹರಿಕೋಟಾದಿಂದ ಹೊರಟಿದ್ದೇ ಹಿಂಗಾರಿನ ದಿನಗಳಲ್ಲಿ, 2008ರ ಅಕ್ಟೋಬರ್ 22ರಂದು. ರಾಕೆಟ್‌ಗೆ ಮಳೆಹನಿಗಿಂತ ಹೆಚ್ಚಿನ ಅಪಾಯವಿರುವುದು ಮೇಲುಗಾಳಿ ಮತ್ತು ಸಿಡಿಲಿನಿಂದ. ಹತ್ತು–ಹದಿನೈದು ಕಿಲೊಮೀಟರ್ ಎತ್ತರದಲ್ಲಿ ಗಾಳಿ ಥಟ್ಟನೆ ದಿಕ್ಕು ಬದಲಿಸಿದರೆ ರಾಕೆಟ್‌ನ ಒಡಲು ಬಾಗುವಷ್ಟು ಒತ್ತಡ ಬೀಳಬಹುದು. ಬಲೂನು ಹಾರಿಬಿಟ್ಟು ಗಾಳಿ ಅಳೆಯುವುದು ಇದಕ್ಕಾಗಿಯೇ.

ಸಿಡಿಲಿನ ಕಥೆ ಇನ್ನೂ ವಿಚಿತ್ರ. ಎಲ್ಲಿಯೂ ಮಿಂಚು ಕಾಣದಿದ್ದರೂ, ವಿದ್ಯುದಾವೇಶ ತುಂಬಿದ ಮೋಡಕ್ಕೆ ನುಗ್ಗುವ ರಾಕೆಟ್ ತಾನೇ ಸಿಡಿಲನ್ನು ಬರಮಾಡಿಕೊಳ್ಳಬಹುದು. 1969ರ ನವೆಂಬರ್ 14ರಂದು ಅಪೊಲೊ–12ಕ್ಕೆ ಮೊದಲ ನಿಮಿಷದೊಳಗೆ ಎರಡು ಸಲ ಸಿಡಿಲು ಬಡಿಯಿತು. ಅದು ಬಚಾವಾಯಿತು. 1987ರ ಮಾರ್ಚ್‌ನಲ್ಲಿ ಕೇಪ್ ಕ್ಯಾನವೆರಲ್‌ನಿಂದ ಮೇಲೇರಿದ ಅಟ್ಲಾಸ್–ಸೆಂಟಾರ್‌ಗೆ ಆ ಅದೃಷ್ಟ ಇರಲಿಲ್ಲ. ಅಮೆರಿಕದ ಸಿಡಿಲು ನಿಯಮಗಳು ಬಿಗಿಯಾದದ್ದು ಅದಾದ ಮೇಲೆ.

ಆದರೆ ನಿಯಮ ಇದ್ದರೆ ಸಾಲದು, ಅದನ್ನು ಹಿಡಿದು ನಿಲ್ಲುವ ಅಧಿಕಾರ ಯಾರಿಗಿದೆ ಎಂಬುದೇ ನಿಜವಾದ ಪ್ರಶ್ನೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತದ್ದಕ್ಕೆ ನಾವು ಚಳಿಯನ್ನು ದೂರುತ್ತೇವೆ. ಚಳಿಯ ವಿಷಯ ಹಿಂದಿನ ರಾತ್ರಿಯೇ ಗೊತ್ತಿತ್ತು. ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರ್‌ಗಳು, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ, ರಬ್ಬರ್ ಸೀಲುಗಳು ಗಡುಸಾಗುತ್ತವೆ ಎಂದು ಫೋನ್ ಸಭೆಯಲ್ಲೇ ಹೇಳಿದ್ದರು. ನಾಸಾದ ಅಧಿಕಾರಿಗಳು ಅಸಮಾಧಾನ ತೋರಿದರು. ಕಂಪನಿಯ ಆಡಳಿತ ಮಾತು ಬದಲಿಸಿತು. ಹಾರುವುದು ಸುರಕ್ಷಿತವೆಂದು ಸಾಬೀತು ಮಾಡಬೇಕಾದ ಕಡೆ, ಅಪಾಯವೆಂದು ಸಾಬೀತು ಮಾಡುವ ಹೊರೆ ಎಂಜಿನಿಯರ್‌ಗಳ ತಲೆಗೆ ಬಿತ್ತು. ಬೆಳಿಗ್ಗೆ ಉಡಾವಣೆಯ ಹೊತ್ತಿಗೆ ತಾಪಮಾನ ಸುಮಾರು 2 ಡಿಗ್ರಿ ಇತ್ತು.

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನದ ಹೊಸ್ತಿಲಲ್ಲಿರುವ ನಮಗೆ ಇದು ಹಳೆಯ ಕಥೆಯಲ್ಲ. 2023ರ ಅಕ್ಟೋಬರ್ 21ರಂದು ಅದರ ಪರೀಕ್ಷಾ ವಾಹನ ಟಿವಿ–ಡಿ1 ಮೊದಲು ಹವಾಮಾನದಿಂದ, ಬಳಿಕ ಕಂಪ್ಯೂಟರ್ ತಡೆದದ್ದರಿಂದ ಎರಡು ಗಂಟೆ ತಡವಾಗಿ ಹಾರಿತು. ಅದರಲ್ಲಿ ಮನುಷ್ಯರಿರಲಿಲ್ಲ. ಮನುಷ್ಯರು ಕುಳಿತಾಗ ಶ್ರೀಹರಿಕೋಟಾದ ಆಕಾಶ ತಿಳಿಯಾಗಿದ್ದರಷ್ಟೇ ಸಾಲದು. ಹಾರಿದ ಆರಂಭದಲ್ಲಿ ಏನಾದರೂ ಎಡವಟ್ಟಾದರೆ ಗಗನಯಾತ್ರಿಗಳಿರುವ ಕೋಶ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅಲ್ಲಿನ ಅಲೆಗಳು ನೌಕಾಪಡೆಯ ರಕ್ಷಣಾ ತಂಡಕ್ಕೆ ಅವಕಾಶ ಕೊಡುವಂತಿರಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕೊಲ್ಲಿ ಹೇಗಿರುತ್ತದೆ ಎಂಬುದನ್ನು ಆಂಧ್ರದ ಮೀನುಗಾರರನ್ನು ಕೇಳಬೇಕು.

ಜತೆಗೆ ರಾಜಕೀಯದ ಹವೆಯೂ ಇದೆ. ಗಣ್ಯರು ಬಂದು ಕೂತಿರುತ್ತಾರೆ, ನೇರಪ್ರಸಾರ ಶುರುವಾಗಿರುತ್ತದೆ, ವಾಹಿನಿಗಳು ‘ಹಿನ್ನಡೆ’ ಎಂದು ಬರೆಯಲು ಕಾದಿರುತ್ತವೆ. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅವರಿದ್ದ, ಅಮೆರಿಕದಿಂದ ಹೊರಟ ಆಕ್ಸಿಯಮ್–4 ಯಾನ, ಹವಾಮಾನವೂ ಸೇರಿ ಹಲವು ಕಾರಣಗಳಿಂದ ಮುಂದಕ್ಕೆ ಹೋಗುತ್ತಾ 2025ರ ಜೂನ್ 25ರಂದು ಹಾರಿದಾಗ ದೇಶ ತಾಳ್ಮೆಯಿಂದಲೇ ಕಾದಿತ್ತು. ನಮ್ಮ ನೆಲದಿಂದ ಹಾರುವಾಗಲೂ ಅದೇ ತಾಳ್ಮೆ ಬರಬೇಕಾದರೆ ಇಸ್ರೊ ಈಗಲೇ ಎರಡು ಕೆಲಸ ಮಾಡಲಿ: ಗಾಳಿ, ಮೋಡ, ಅಲೆಗಳ ಮಿತಿಯನ್ನು ಉಡಾವಣೆಗೆ ಮುನ್ನವೇ ಜನರ ಮುಂದಿಡಲಿ, ಆ ಮಿತಿ ಮೀರಿದಾಗ ಹವಾಮಾನ ಅಧಿಕಾರಿ ಹೇಳುವ ‘ಬೇಡ’ವನ್ನು ಅಧ್ಯಕ್ಷರೂ ಬದಲಿಸುವಂತಿಲ್ಲ ಎಂದು ಲಿಖಿತವಾಗಿ ಗೊತ್ತುಮಾಡಲಿ.