ತೆರಿಗೆ ನಮ್ಮದೂ ಹೌದು, ದನಿ ಮಾತ್ರ ಯಾಕಿಲ್ಲ?

ಮೊನ್ನೆ ಉಮರ್ಗಾದಲ್ಲಿ ಒಂದು ಲಗ್ನ. ಊಟ ಮುಗಿಸಿ ಮಂಟಪದ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆವು. ನಾನು, ನಿಲಂಗಾ ಕಡೆಯ ಒಬ್ಬ ಮಾಸ್ತರರು, ಉದಗೀರದಿಂದ ಬಂದ ಇನ್ನೊಬ್ಬರು. ಮೂವರು ಮಾಸ್ತರರು ಸೇರಿದರೆ ಮಾತು ಮೊದಲು ಪಗಾರಕ್ಕೆ, ಆಮೇಲೆ ಪಟಸಂಖ್ಯೆಗೆ ಹೋಗುವುದು ವಾಡಿಕೆ. ಅವತ್ತು ಯಾಕೋ ರೇಡಿಯೋಕ್ಕೆ ಹೋಯಿತು.

"ಯಾಂವ ಕೇಳ್ತಾನ್ರೀ ಸರ ಈಗ ರೇಡಿಯೋ? ದೂರದರ್ಶನ ಅಂತೂ ಯಾರೂ ನೋಡೂದಿಲ್ಲ. ಸುಮ್ನ ಸರ್ಕಾರದ ರೊಕ್ಕ ದಂಡ. ಮುಚ್ಚಿಬಿಡಬೇಕು," ಅಂದರು ಉದಗೀರದವರು.

ನಿಲಂಗಾದವರು ಸ್ವಲ್ಪ ಮೆತ್ತಗಿನ ಮನುಷ್ಯ. "ಮುಚ್ಚೂದು ಯಾಕ್ರಿ, ಇರ್ಲಿ. ಆದ್ರ ಅದು ನಮ್ಮದಲ್ಲ. ಇಲ್ಲಿದ್ದ ಮ್ಯಾಲ ಮರಾಠಿ, ಅಲ್ಲಿದ್ದ ಮ್ಯಾಲ ಕನ್ನಡ. ನಮಗ್ಯಾಕ ಆ ಉಸಾಬರಿ?"

ಈ ಎರಡು ಮಾತುಗಳನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಒಂದು ಸಿಟ್ಟಿನದು, ಇನ್ನೊಂದು ಸೋತವರದು. ಸಿಟ್ಟಿನ ಮಾತಿಗೆ ಉತ್ತರ ಕೊಡುವುದು ಸುಲಭ. ಎರಡನೆಯದೇ ನನಗೆ ಹೆಚ್ಚು ನೋವು ಕೊಡುವುದು.

ಮೊದಲು ರೊಕ್ಕದ ಲೆಕ್ಕ ಮಾಡೋಣ, ಹೇಗೂ ಲೆಕ್ಕದ ಮಾಸ್ತರ ನಾನು. ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿಗೆ ಕೇಂದ್ರ ಸರ್ಕಾರ ಈಚಿನ ವರ್ಷಗಳಲ್ಲಿ ಕೊಡುವ ಹಣ ವರ್ಷಕ್ಕೆ 2500 ಕೋಟಿಯಿಂದ 3000 ಕೋಟಿಯ ಒಳಗೆ. ದೊಡ್ಡ ಮೊತ್ತವೇ. ಅದನ್ನು 140 ಕೋಟಿ ಜನಕ್ಕೆ ಹಂಚಿ ನೋಡಿ: ತಲೆಗೆ ವರ್ಷಕ್ಕೆ 20 ರೂಪಾಯಿಯ ಆಸುಪಾಸು. ಆ ಲಗ್ನದ ಮಂಟಪದ ಹೊರಗೆ ನಾವು ಮೂವರು ಕುಡಿದ ಚಹಾದ ಬಿಲ್ಲು ಅದಕ್ಕಿಂತ ಹೆಚ್ಚಾಗಿತ್ತು! ಇಂಗ್ಲೆಂಡಿನಲ್ಲಿ ಬಿಬಿಸಿಗಾಗಿ ಟಿವಿ ನೋಡುವ ಪ್ರತಿ ಮನೆಯೂ ಲೈಸೆನ್ಸ್ ಫೀ ಕಟ್ಟಬೇಕು, 2025ರಲ್ಲಿ ಅದು 174.50 ಪೌಂಡ್, ನಮ್ಮ ಲೆಕ್ಕದಲ್ಲಿ 20 ಸಾವಿರ ರೂಪಾಯಿಯ ಹತ್ತಿರ. ಅಲ್ಲಿಯೂ ಜನ ಗೊಣಗುತ್ತಾರೆ. ಗೊಣಗಲಿ, ಕಟ್ಟುವವರಿಗೆ ಆ ಹಕ್ಕಿದೆ.

ನಮ್ಮಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ನಮ್ಮ ಅಪ್ಪನ ಹತ್ತಿರ ರೇಡಿಯೋ ಲೈಸೆನ್ಸಿನ ಪುಸ್ತಕ ಇತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಫೀ ಕಟ್ಟಿ ಠಸ್ಸೆ ಹಾಕಿಸಿಕೊಂಡು ಬರುತ್ತಿದ್ದರು. 1985ರಲ್ಲಿ ಲೈಸೆನ್ಸು ರದ್ದಾಯಿತು. ಜನ ಖುಷಿಪಟ್ಟರು. ನನಗೆ ಈಗ ಅನ್ನಿಸುವುದೇ ಬೇರೆ. ಠಸ್ಸೆ ಹೊಡೆಸಿಕೊಂಡವನಿಗೆ "ನಾನು ಕೊಟ್ಟಿದ್ದೇನೆ" ಅನ್ನುವ ಭಾವ ಇರುತ್ತಿತ್ತು. ಕಾರ್ಯಕ್ರಮ ಸರಿ ಇಲ್ಲದಿದ್ದರೆ ಅಪ್ಪ ಕಾರ್ಡು ಬರೆಯುತ್ತಿದ್ದರು, ಅದೂ ಬೈದು! ಈಗ ನಾವು ಕೊಡುವುದು ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ರೀಚಾರ್ಜಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಕೊಡುತ್ತೇವೆ, ಸಾಬೂನಿಗೂ ಬಿಸ್ಕೀಟಿಗೂ ಕೊಡುತ್ತೇವೆ. ನಮ್ಮ ಶಾಲೆಯ ಮಕ್ಕಳ ತಾಯಂದಿರು, ಸೋಯಾಬೀನ್ ರಾಶಿಗೆ ಕೂಲಿ ಹೋಗುವವರು, ಅವರೂ ಕೊಡುತ್ತಾರೆ. ಹಾಗಾಗಿ "ಸರ್ಕಾರದ ರೊಕ್ಕ" ಅನ್ನುವ ಮಾತೇ ತಪ್ಪು. ರೊಕ್ಕ ಆ ತಾಯಿಯದು.

ಹಾಗಂತ ಉದಗೀರದ ಗೆಳೆಯರು ಹೇಳಿದ್ದೆಲ್ಲ ಸುಳ್ಳು ಅಂತ ನಾನು ವಾದ ಮಾಡುವುದಿಲ್ಲ. ಆಕಾಶವಾಣಿ ಆಳುವವರ ತುತ್ತೂರಿ ಆಗಿದ್ದುಂಟು, 1975ರ ತುರ್ತುಪರಿಸ್ಥಿತಿಯಲ್ಲಿ ಅದನ್ನು ದೇಶವೇ ನೋಡಿದೆ. ಅದಕ್ಕೇ ತಾನೆ 1990ರಲ್ಲಿ ಪ್ರಸಾರ ಭಾರತಿ ಕಾಯಿದೆ ಬಂದದ್ದು? ಪಾಸಾದ ಕಾಯಿದೆ ಏಳು ವರ್ಷ ಧೂಳು ತಿಂದು 1997ರಲ್ಲಿ ಜಾರಿಗೆ ಬಂತು. ಹೆಸರಿಗೆ ಸ್ವಾಯತ್ತ, ಪಗಾರ ಮಾತ್ರ ಮಂತ್ರಾಲಯದಿಂದ. ಪಗಾರ ಕೊಡುವವನ ಮುಂದೆ ದನಿ ಎಷ್ಟು ಏರಬಹುದು ಅನ್ನುವುದು ಅನುದಾನಿತ ಶಾಲೆಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಾವಿಯ ನೀರು ಕೆಟ್ಟಿದೆ ಅಂತ ಊರಿನವರು ಬಾವಿ ಮುಚ್ಚಿ ಬಾಟಲಿ ಅಂಗಡಿ ಇಡುತ್ತಾರೆಯೇ? ಹೂಳು ತೆಗೆಯುತ್ತಾರೆ. ಖಾಸಗಿ ಚಾನೆಲ್ಲಿನವರು ನಮ್ಮ ಹಳ್ಳಿಯ ನಾಲ್ಕನೇತ್ತೆ ಮಕ್ಕಳಿಗಾಗಿ ಅರ್ಧ ತಾಸು ಖರ್ಚು ಮಾಡುತ್ತಾರೆ ಅಂತ ಯಾರಾದರೂ ನಂಬಿದ್ದರೆ ಕೈ ಎತ್ತಿ.

ಈಗ ನಿಲಂಗಾದವರ ಮಾತಿಗೆ ಬರುತ್ತೇನೆ. "ಅದು ನಮ್ಮದಲ್ಲ."

ನಾನು ಹುಡುಗನಾಗಿದ್ದಾಗ ಅದು ನಮ್ಮದೇ ಆಗಿತ್ತಲ್ಲ! ಗುಲಬರ್ಗಾ ಆಕಾಶವಾಣಿ ಶುರುವಾದದ್ದು 1966ರಲ್ಲಿ. ನಮ್ಮ ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು, ಅಂದರೆ ಗಡಿ ಬಂದು ಬರೀ ಹತ್ತು ವರ್ಷ ಆಗಿತ್ತು. ಮೀಡಿಯಂ ವೇವಿನ ಅಲೆಗೆ ಗಡಿಯ ಹಂಗಿಲ್ಲ, ನೆಲವನ್ನು ಹಿಡಿದುಕೊಂಡು ನೂರಾರು ಕಿಲೋಮೀಟರು ಬರುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ವಚನ, ಸಂಜೆ ರೈತರ ಕಾರ್ಯಕ್ರಮ, ನಡುವೆ ತತ್ವಪದ. ಜೋಳಕ್ಕೆ ಯಾವ ಔಷಧ ಹೊಡೆಯಬೇಕು ಅನ್ನುವುದನ್ನು ಅಪ್ಪ ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಅಂಗಡಿಯವನಿಗೆ ಹೇಳುತ್ತಿದ್ದರು. ಶಾಲೆಯಲ್ಲಿ ಕಲಿಯದ ಎಷ್ಟೋ ಕನ್ನಡ ಶಬ್ದ ನಾನು ಆ ಮರ್ಫಿ ಪೆಟ್ಟಿಗೆಯಿಂದ ಕಲಿತವನು. (ಎಫ್‌ಎಂ ಬಂದು ದನಿ ಸ್ವಚ್ಛವಾಯಿತು, ನಿಜ. ಆದರೆ ಎಫ್‌ಎಂ ಅಲೆ ಕಣ್ಣಿನ ಹಾಗೆ ನೇರ ನೋಡುತ್ತದೆ, ಗೋಪುರ ಕಾಣುವಷ್ಟು ದೂರವೇ ಅದರ ಊರು. ಮೀಡಿಯಂ ವೇವ್ ಹಿಂದೆ ಸರಿದಷ್ಟೂ ಅಂಚಿನಲ್ಲಿರುವವರು ಹೊರಗೆ ಬೀಳುತ್ತಾರೆ.)

ಇನ್ನು ಟಿವಿ ವಿಷಯ. ಇದು ನಮ್ಮ ಹೊಸ ಶಿಕ್ಷಕರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ 'ಸೈಟ್' ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಎಟಿಎಸ್-6 ಅನ್ನುವ ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಕೊಟ್ಟಿತು. ನಮ್ಮ ಇಸ್ರೋದವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆ ಕೊಟ್ಟು, ಕೋಳಿಗೂಡಿನ ತಂತಿಬಲೆಯಂಥ ಆಂಟೆನಾ ನಿಲ್ಲಿಸಿದರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ಟಿವಿ ಇಲ್ಲದ ಕಾಲದಲ್ಲಿ ಈ ಹಳ್ಳಿಗಳ ಮಕ್ಕಳು ಬೆಳಿಗ್ಗೆ ಶಾಲೆಯಲ್ಲಿ ಕನ್ನಡದ ಟಿವಿ ಪಾಠ ನೋಡಿದರು! ಆರು ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ ಇರಲಿಲ್ಲ. ಆಕಾಶದಿಂದ ಬೀಳುವ ಸಂಕೇತ ನಮ್ಮ ಹೊಲದ ಮೇಲೂ ಬೀಳುತ್ತಿತ್ತು. ಪೆಟ್ಟಿಗೆ ಮಾತ್ರ ಗಡಿಯ ಆಚೆ.

ಆ ಸೈಟ್‌ನಲ್ಲಿ ಇನ್ನೊಂದು ಸಂಗತಿ ಇತ್ತು. ಒಂದೇ ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸುವ ಏರ್ಪಾಡು. ಚಿತ್ರ ಅದೇ, ಒಂದು ಕಡೆಯವರಿಗೆ ಒಂದು ಭಾಷೆ, ಇನ್ನೊಂದು ಕಡೆಯವರಿಗೆ ಇನ್ನೊಂದು. ಇದು 1975ರ ಮಾತು, ನೆನಪಿಡಿ. ಯಾಕೆ ಅಂದರೆ ನಾನು ಈಗ 2020ಕ್ಕೆ ಬರುತ್ತಿದ್ದೇನೆ.

ಕೊರೊನಾ ಬಂತು, ಶಾಲೆಗಳಿಗೆ ಬೀಗ ಬಿತ್ತು. ಮುಂಬಯಿ ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ 2020ರ ಜುಲೈನಿಂದ 'ಟಿಲಿಮಿಲಿ' ಶುರುವಾಯಿತು. ಎಂಕೆಸಿಎಲ್ ನಾಲೆಡ್ಜ್ ಫೌಂಡೇಶನ್ ತಯಾರಿಸಿದ್ದು, ಒಂದರಿಂದ ಎಂಟನೇತ್ತೆವರೆಗೆ, ಬಾಲಭಾರತಿ ಪುಸ್ತಕಗಳ ಪಾಠ. ಹೊಗಳಲೇಬೇಕು, ಬಹಳ ಚೆಂದ ಮಾಡಿದ್ದರು. ಮನೆಯಲ್ಲಿರುವ ಚಮಚ, ಕಾಳು, ಕಡ್ಡಿಯಿಂದಲೇ ಮಕ್ಕಳು ಕಲಿಯುವ ಹಾಗೆ. ಭಾಷೆ ಮರಾಠಿ. ಆಚೆ ಕಡೆ ಚಂದನದಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ 'ಸೇತುಬಂಧ', ಆಮೇಲೆ 'ಸಂವೇದ' ನಡೆಸಿತು. ಭಾಷೆ ಕನ್ನಡ. ಆದರೆ ಅದು ಕರ್ನಾಟಕದ ಪುಸ್ತಕ, ಕರ್ನಾಟಕದ ಎಸ್‌ಎಸ್‌ಎಲ್‌ಸಿಗೆ ಹೊಂದಿಸಿದ ಪಾಠ. ನಮ್ಮ ಮಕ್ಕಳು ಬರೆಯುವುದು ಲಾತೂರ ವಿಭಾಗೀಯ ಮಂಡಳಿಯ ಪರೀಕ್ಷೆ.

ಹೀಗೆ ಪಾಠ ಗೊತ್ತಿದ್ದ ಚಾನೆಲ್ಲಿಗೆ ನಮ್ಮ ಭಾಷೆ ಇಲ್ಲ, ಭಾಷೆ ಗೊತ್ತಿದ್ದ ಚಾನೆಲ್ಲಿಗೆ ನಮ್ಮ ಪಾಠ ಇಲ್ಲ. ಎರಡೂ ಒಂದೇ ಸಂಸ್ಥೆಯ ಚಾನೆಲ್ಲುಗಳು. ಎರಡೂ ಒಂದೇ ಫ್ರೀ ಡಿಶ್‌ನಲ್ಲಿ ಬರುತ್ತವೆ, ರಿಮೋಟಿನಲ್ಲಿ ಕೆಲವು ಗುಂಡಿಗಳ ಅಂತರ ಅಷ್ಟೇ!

ಆ ಮಳೆಗಾಲದಲ್ಲಿ ಮಾಸ್ಕು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ನಾಲ್ಕನೇತ್ತೆ ಹುಡುಗಿ ಟಿಲಿಮಿಲಿ ನೋಡುತ್ತಾ ಕೂತಿದ್ದಳು, ತೊಡೆಯ ಮೇಲೆ ಕನ್ನಡದ ಬಾಲಭಾರತಿ. ಟಿವಿಯಲ್ಲಿ ಬಂದ ಚಿತ್ರ ಯಾವ ಪುಟದಲ್ಲಿದೆ ಅಂತ ಹುಡುಕುವುದೇ ಅವಳ ಕೆಲಸ. "ಫುಲಪಾಖರೂ" ಅಂದಾಗ ಪುಟ ತಿರುವಿ ಪಾತರಗಿತ್ತಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿ ನಕ್ಕಳು. ಜಾಣೆ. ಆದರೆ ಆಮೇಲೆ ಟಿವಿಯ ಅಕ್ಕ ಒಂದು ಪ್ರಶ್ನೆ ಕೇಳಿದರು, ಯಾಕೆ ಹೀಗಾಯಿತು ಅಂತ. ಹುಡುಗಿ ಮತ್ತೆ ಪುಟ ತಿರುವತೊಡಗಿದಳು. ಪಾತರಗಿತ್ತಿಗೆ ಚಿತ್ರ ಉಂಟು, 'ಯಾಕೆ' ಅನ್ನುವುದಕ್ಕೆ ಎಲ್ಲಿಂದ ತರುವುದು?

"ನಮ್ಮ ಮಕ್ಕಳಿಗೆ ಮರಾಠಿ ಬರ್ತದಲ್ರಿ" ಅನ್ನುತ್ತಾರೆ. ಬರುತ್ತದೆ. ಸಂತೆಯ ಮರಾಠಿ, ಬಸ್ಸಿನ ಮರಾಠಿ, ಆಟದ ಮರಾಠಿ. ಬರಬೇಕು ಕೂಡ, ನಾನೂ ಶಾಲೆಯಲ್ಲಿ ಶ್ರದ್ಧೆಯಿಂದ ಕಲಿಸುತ್ತೇನೆ, ಮರಾಠಿಯ ಮೇಲೆ ನನ್ನ ಜಗಳವೇ ಇಲ್ಲ. ನನ್ನ ಪ್ರಶ್ನೆ ಇಷ್ಟೇ. ಪುಣೆಯ ಬಾಲಭಾರತಿ ಅದೇ ಪುಸ್ತಕವನ್ನು ಕನ್ನಡದಲ್ಲೂ ಅಚ್ಚು ಹಾಕಿ ನಮಗೆ ಕಳಿಸುತ್ತದೆ. ಚಿತ್ರ ಅದೇ, ಅಕ್ಷರ ಬೇರೆ. ಮಹಾರಾಷ್ಟ್ರ ಸರ್ಕಾರ ಪುಸ್ತಕದಲ್ಲಿ ಒಪ್ಪಿಕೊಂಡ ನ್ಯಾಯವನ್ನು ದೂರದರ್ಶನ ಟಿವಿಯಲ್ಲಿ ಯಾಕೆ ಒಪ್ಪಬಾರದು? ಹೊಸದಾಗಿ ಶೂಟಿಂಗ್ ಬೇಡ, ಸ್ಟುಡಿಯೋ ಬೇಡ. ಆ ಪಾಠಗಳಿಗೆ ಕನ್ನಡದ ಇನ್ನೊಂದು ಧ್ವನಿ ಸಾಕು. ಎರವಲು ಉಪಗ್ರಹದಲ್ಲಿ ಐವತ್ತು ವರ್ಷದ ಹಿಂದೆ ಆದದ್ದು ಇವತ್ತಿನ ಡಿಜಿಟಲ್ ಟಿವಿಯಲ್ಲಿ ಆಗುವುದಿಲ್ಲವೇ? ಕ್ರಿಕೆಟ್ಟಿನಲ್ಲಿ ಒಂದೇ ಮ್ಯಾಚಿಗೆ ಎಷ್ಟು ಭಾಷೆಯ ಕಾಮೆಂಟರಿ ಇರುತ್ತದೆ, ನೀವೇ ನೋಡಿದ್ದೀರಲ್ಲ.

ಇದು ಭಿಕ್ಷೆ ಅಲ್ಲ ಸ್ವಾಮಿ. ಪ್ರಸಾರ ಭಾರತಿ ಕಾಯಿದೆಯ 12ನೇ ಕಲಮು ಓದಿ. ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡಬೇಕು ಅಂತಿದೆ. ಅಲ್ಪಸಂಖ್ಯಾತರ ವಿಶೇಷ ಅಗತ್ಯ ನೋಡಿಕೊಳ್ಳಬೇಕು ಅಂತಿದೆ. ಹಳ್ಳಿಯವರು, ದುರ್ಬಲರು, ಹಿಂದುಳಿದ ಪ್ರದೇಶದವರ ಜೊತೆಗೆ 'ಗಡಿ ಪ್ರದೇಶದಲ್ಲಿ ವಾಸಿಸುವವರು' ಅಂತಲೂ ಇದೆ. ದಿಲ್ಲಿಗೆ ಗಡಿ ಅಂದರೆ ಪಾಕಿಸ್ತಾನದ ಗಡಿ ಮಾತ್ರ ಕಾಣುತ್ತದೆ, ಗೊತ್ತು. ಕಾಯಿದೆಯಲ್ಲಿ ಹಾಗೆ ಬರೆದಿಲ್ಲ. ನಾವು ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರು. ಉಮರ್ಗಾ ಇರುವ ಧಾರಾಶಿವ (ಹಿಂದಿನ ಉಸ್ಮಾನಾಬಾದ) ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ, ಅಂದರೆ ಹಿಂದುಳಿದದ್ದು ಅಂತ ಸರ್ಕಾರವೇ ಚೆಂದದ ಹೆಸರಿಟ್ಟು ಒಪ್ಪಿಕೊಂಡಿದೆ. ಆ ಕಲಮಿಗೆ ನಮಗಿಂತ ಸರಿಯಾದ ಗಿರಾಕಿ ಸಿಗಲಿಕ್ಕಿಲ್ಲ. ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಆ ಸಾರ್ವಜನಿಕರಲ್ಲಿ ನಾವು ಇದ್ದೇವೋ ಇಲ್ಲವೋ?

"ನಾಕು ಮಂದಿ ಕನ್ನಡದ ಹುಡುಗರ ಸಲುವಾಗಿ ಅಷ್ಟು ಖರ್ಚಾ?" ಅನ್ನುವವರಿಗೆ ಒಂದು ದೂರದ ದೇಶದ ಸಂಗತಿ. ಸ್ವಿಟ್ಜರ್‌ಲೆಂಡಿನಲ್ಲಿ ರೊಮಾಂಶ್ ಅನ್ನುವ ಭಾಷೆ ಇದೆ. ಆಡುವವರು 60 ಸಾವಿರದ ಸುಮಾರು, ಆ ದೇಶದ ಜನಸಂಖ್ಯೆಯಲ್ಲಿ ಒಂದು ಪರ್ಸೆಂಟೂ ಅಲ್ಲ. ಅವರಿಗೂ ಸಾರ್ವಜನಿಕ ರೇಡಿಯೋ, ಟಿವಿ ಇದೆ. ಹಣ ಬರುವುದು ಎಲ್ಲರ ಫೀಯಿಂದ, ಅದರಲ್ಲೂ ಹೆಚ್ಚು ಪಾಲು ಜರ್ಮನ್ ಆಡುವವರಿಂದ. 2018ರ ಮಾರ್ಚ್ 4ರಂದು ಈ ಫೀಯನ್ನೇ ರದ್ದು ಮಾಡಬೇಕೇ ಅಂತ ಇಡೀ ದೇಶದಲ್ಲಿ ಮತ ಹಾಕಿಸಿದರು. ನಮ್ಮ ಉದಗೀರದ ಗೆಳೆಯರಂಥವರು ಅಲ್ಲೂ ಇದ್ದರು, 'ಮುಚ್ಚಿಬಿಡಿ' ಅಂದರು. 71.6 ಪರ್ಸೆಂಟ್ ಜನ ಬೇಡ, ಫೀ ಇರಲಿ ಅಂದರು. ನಮ್ಮನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆವೋ ಅನ್ನುವುದು ನನಗೆ ಹೆದರಿಕೆಯ ಪ್ರಶ್ನೆ. ಯಾಕೆಂದರೆ ನಾವೇ ಮಕ್ಕಳ ಕೈಗೆ ಯೂಟ್ಯೂಬ್ ಕೊಟ್ಟು ಕೈ ತೊಳೆದುಕೊಂಡವರು.

ನಮ್ಮ ತಪ್ಪೂ ಹೇಳಿಬಿಡುತ್ತೇನೆ. 2020ರಲ್ಲಿ ಕನ್ನಡ ಮಾಧ್ಯಮದ ನಾವು ಎಷ್ಟು ಜನ ಪತ್ರ ಬರೆದೆವು? ನಾನು ಬರೆದದ್ದು ಒಂದೇ ಒಂದು, ಅದೂ ತಡವಾಗಿ. ಯಾವ ಕಚೇರಿ ಅನ್ನುವುದು ಬೇಡ, ಉತ್ತರ ಬರಲಿಲ್ಲ, ನಾನೂ ಸುಮ್ಮನಾದೆ. ಕಚೇರಿಯವರ ಭಾಷೆಯಲ್ಲಿ ಸುಮ್ಮನಿರುವುದಕ್ಕೆ 'ಬೇಡಿಕೆ ಇಲ್ಲ' ಅಂತ ಹೆಸರು.

ಲಗ್ನದ ದಿನ ಇದನ್ನೆಲ್ಲ ಇಷ್ಟು ನೆಟ್ಟಗೆ ಹೇಳಲಿಲ್ಲ, ನಡುನಡುವೆ ಬೀಗರು ಬಂದು ಎಲೆ ಅಡಿಕೆ ಕೊಟ್ಟು ಹೋಗುತ್ತಿದ್ದರು. ಆದರೆ ಬ್ಯಾಗಿನಲ್ಲಿ ಅರ್ಜಿ ಇತ್ತು, ತೆಗೆದು ತೋರಿಸಿದೆ. ಕೇಳಿರುವುದು ಎರಡೇ. ಸಹ್ಯಾದ್ರಿಯಲ್ಲಿ ಬರುವ ಬಾಲಭಾರತಿ ಪಾಠಗಳಿಗೆ ಕನ್ನಡದ ಎರಡನೇ ಧ್ವನಿ, ಓದಲು ನಮ್ಮ ಶಿಕ್ಷಕರೇ ಬರುತ್ತಾರೆ, ಸಂಭಾವನೆ ಬೇಡ. ಮತ್ತೆ ಧಾರಾಶಿವದ ಆಕಾಶವಾಣಿಯಿಂದ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ವಾರಕ್ಕೆ ಅರ್ಧ ತಾಸು.

ನಿಲಂಗಾದವರು ಓದಿ ಏನೂ ಮಾತಾಡದೆ ಸಹಿ ಮಾಡಿದರು. ಉದಗೀರದವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಮುಚ್ಚಬೇಕು ಅಂದಾಂವ ನಾನು, ನನ್ನ ಸಹಿ ನಡೀತದೇನು?" ಅಂದರು. ನಡೆಯುತ್ತದೆ ಅಂದೆ. ಪೆನ್ನು ತೆಗೆದವರು ಮತ್ತೆ ನಿಂತರು.

"ಸರ, ಇದನ್ನ ಮರಾಠಿಯೊಳಗ ಬರದೀರಲ್ಲ?"

"ಮತ್ತ? ಓದೂ ಮಂದಿಗೆ ತಿಳೀಬೇಕಲ್ರಿ," ಅಂದೆ.

ನಕ್ಕು ಸಹಿ ಮಾಡಿದರು. ಈಗ ಹನ್ನೊಂದು ಸಹಿ ಆಗಿವೆ. ಮುಂದಿನ ರವಿವಾರ ಮುರುಮಿಗೆ ಹೋಗುತ್ತೇನೆ, ಅದರ ಮರುವಾರ ಕಾಸಾರ ಸಿರ್ಸಿ.