ಬಿಲ್ ಪಾಸ್ ಆಯ್ತು, ದುಡ್ಡು ಯಾಕೆ ಬರ್ಲಿಲ್ಲ? (ಕಾಮರ್ಸ್ ಕಟ್ಟೆ, ಭಾಗ 7)

ನನ್ನ ವಾದ ಮೊದಲೇ ಹೇಳಿಬಿಡ್ತೀನಿ, ಜಗಳ ಆಮೇಲೆ ಆಡೋಣ. ಒಂದು ಕಂಪನಿಯ ಕಂಪ್ಯೂಟರಿಂದ ಇನ್ನೊಂದು ಕಂಪನಿಯ ಕಂಪ್ಯೂಟರಿಗೆ ಬಿಲ್ ಹೋಗುವಾಗ, ಯಾವುದನ್ನ ಒಪ್ಪಬೇಕು, ಯಾವುದನ್ನ ತಡೀಬೇಕು ಅನ್ನೋ ನಿಯಮ ಬರೆಯೋದು ಸಾಫ್ಟ್‌ವೇರ್‌ನವರ ಕೆಲಸ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅಲ್ಲ. ಅದು ಲೆಕ್ಕ ಗೊತ್ತಿರೋರ ಕೆಲಸ. ಅಂದ್ರೆ ನಮ್ಮದು.

ಈ ಕಾಗದವಿಲ್ಲದ ವ್ಯವಹಾರಕ್ಕೆ ಇಡಿಐ ಅಂತಾರೆ, ಎಲೆಕ್ಟ್ರಾನಿಕ್ ಡೇಟಾ ಇಂಟರ್‌ಚೇಂಜ್. ಹೊಸದೇನಲ್ಲ. ಅಮೆರಿಕದಲ್ಲಿ ಇದರ ಮಾನಕ ರೂಪಿಸೋ ಎಕ್ಸ್12 ಸಮಿತಿ ಶುರುವಾಗಿದ್ದು 1979ರಲ್ಲಿ. ಅಲ್ಲಿ ಪ್ರತಿ ಕಾಗದಕ್ಕೂ ಒಂದು ನಂಬರ್: ಪರ್ಚೇಸ್ ಆರ್ಡರ್ 850, ಇನ್‌ವಾಯ್ಸ್ 810, ಸರಕು ಹೊರಟಿದೆ ಅನ್ನೋ ಮುಂಗಡ ಸೂಚನೆ 856. ಬೆಂಗಳೂರಿನ ಗಾರ್ಮೆಂಟ್ಸ್‌ನಿಂದ ಅಮೆರಿಕದ ದೊಡ್ಡ ಅಂಗಡಿಗಳಿಗೆ ಮಾಲು ಕಳಿಸೋರಿಗೆ ಈ ನಂಬರ್‌ಗಳು ಬಾಯಿಪಾಠ. ನಮ್ಮ ಒಳಗಿನ ವ್ಯಾಪಾರದಲ್ಲಿ ಇದರ ಹತ್ತಿರದ ಸಂಬಂಧಿ ಜಿಎಸ್‌ಟಿ ಇ-ಇನ್‌ವಾಯ್ಸ್. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಂದ ಶುರುವಾಗಿ, 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರ ತನಕ ಇಳಿದು ಬಂತು.

ಬರೋ ಫೈಲನ್ನ ಮೊದಲು ಪರೀಕ್ಷೆ ಮಾಡೋದು ಕಂಪ್ಲಯನ್ಸ್ ಮ್ಯಾಪ್. ಯಾವ ಮಾಹಿತಿ ಎಲ್ಲಿರಬೇಕು, ಎಷ್ಟು ಅಕ್ಷರ ಇರಬಹುದು, ಯಾವುದು ಕಡ್ಡಾಯ, ಯಾವ ಕೋಡ್ ನಡೆಯುತ್ತೆ, ಇಷ್ಟನ್ನೇ ಅದು ನೋಡೋದು. ಇ-ಇನ್‌ವಾಯ್ಸ್‌ನಲ್ಲಿ ಬಿಲ್ ನಂಬರ್ 16 ಅಕ್ಷರ ಮೀರಬಾರದು, ಜಿಎಸ್‌ಟಿ ನಂಬರ್ 15 ಅಕ್ಷರ ಇರಬೇಕು, ಕರ್ನಾಟಕದ್ದಾದ್ರೆ ಮೊದಲೆರಡು ಅಂಕಿ 29. ಪೋರ್ಟಲ್ ಸ್ವಲ್ಪ ಕೂಡಿಸಿ ಕಳೆದು ಕೂಡ ನೋಡುತ್ತೆ, 1 ರೂಪಾಯಿ ಆಚೀಚೆ ಆದ್ರೆ ಬಿಡುತ್ತೆ. ಎಲ್ಲ ಸರಿ ಇದ್ರೆ 64 ಅಕ್ಷರದ ಐಆರ್‌ಎನ್ ಬರುತ್ತೆ, ಕ್ಯೂಆರ್ ಬರುತ್ತೆ. ನಾವು ನಿಟ್ಟುಸಿರು ಬಿಡ್ತೀವಿ.

ಇಲ್ಲೇ ನಮ್ಮ ಮೊದಲ ಸೆಮಿಸ್ಟರ್ ನೆನಪು ಮಾಡ್ಕೊಳ್ಳಿ. ತಾಳೆಪಟ್ಟಿ ತಾಳೆ ಆಯ್ತು ಅಂದ್ರೆ ಪುಸ್ತಕ ಸರಿ ಇದೆ ಅಂತ ಅರ್ಥವಾ? ಅಲ್ಲ ಅಂತ ಬರೆದು 5 ಅಂಕ ತಗೊಂಡಿದ್ದೀವಲ್ಲ! ಬರೆಯೋದೇ ಬಿಟ್ಟ ವ್ಯವಹಾರ, ಮೆಷಿನ್ ರಿಪೇರಿ ಖರ್ಚನ್ನ ಮೆಷಿನ್ ಖಾತೆಗೇ ಹಾಕಿದ್ದು, ಒಂದನ್ನೊಂದು ಸರಿದೂಗಿಸೋ ಎರಡು ತಪ್ಪು, ಇವ್ಯಾವೂ ತಾಳೆಪಟ್ಟಿಯಲ್ಲಿ ಸಿಕ್ಕಿಬೀಳಲ್ಲ. ಕಂಪ್ಲಯನ್ಸ್ ಮ್ಯಾಪ್ ಕಥೆಯೂ ಅಷ್ಟೇ. ಬಿಲ್ಲಿನ ರೂಪ ಸರಿ ಇದೆಯಾ ಅಂತ ನೋಡುತ್ತೆ. ಮಾತಾಡಿಕೊಂಡ ರೇಟೇ ಹಾಕಿದ್ದಾರಾ, ಈ ಆರ್ಡರ್‌ಗೆ ಈಗಾಗಲೇ ಒಂದು ಬಿಲ್ ಬಂದಿದೆಯಾ, ಇದನ್ನೆಲ್ಲ ಕೇಳೋಕೆ ಬೇಕಾಗಿರೋದು ಬಿಸಿನೆಸ್ ರೂಲ್. ಸರ್ಕಾರಿ ಪೋರ್ಟಲ್ ಹತ್ರ ನಿಮ್ಮ ಪರ್ಚೇಸ್ ಆರ್ಡರೇ ಇಲ್ಲ, ಅದು ಹೇಗೆ ತಾನೇ ನೋಡುತ್ತೆ?

ಎಕ್ಸ್12ನಲ್ಲಿ ಈ ಗೊಂದಲಕ್ಕೆ ಒಂದು ಹೆಸರೇ ಇದೆ, 997. ಫೈಲ್ ತಲುಪಿತು, ಅದರ ವ್ಯಾಕರಣ ಹೀಗಿದೆ ಅಂತ ಹೇಳೋ ಸ್ವೀಕೃತಿ. ರಿಜಿಸ್ಟರ್ಡ್ ಪೋಸ್ಟಿನ ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ಇದ್ದ ಹಾಗೆ. ಲಕೋಟೆ ತಲುಪಿದೆ ಅಷ್ಟೇ, ಒಳಗಿನ ಕಾಗದಕ್ಕೆ ಅವರು ಒಪ್ಪಿದ್ದಾರೆ ಅಂತಲ್ಲ. ವ್ಯವಹಾರದ ತಪ್ಪು ಹೇಳೋಕೆ 824 ಅಂತ ಬೇರೆಯೇ ಸಂದೇಶ ಇದೆ. ಎರಡನ್ನೂ ಒಂದೇ ಅಂದ್ಕೊಂಡವರು ದುಡ್ಡಿಗೆ ಕಾಯ್ತಾ ಕೂತಿರ್ತಾರೆ.

ಈಗ ನಿಜವಾದ ಒಂದು ಕೇಸು. ನನ್ನ ಸೋದರಮಾವ ಪೀಣ್ಯದ ಒಂದು ಸಣ್ಣ ಯೂನಿಟ್‌ನಲ್ಲಿ ಅಕೌಂಟ್ಸ್ ನೋಡ್ಕೋತಾರೆ. ಖರೀದಿದಾರರ ಆರ್ಡರ್‌ನಲ್ಲಿ ಇದ್ದದ್ದು 50 ಡಜನ್ ಕ್ಯಾಪ್, ಡಜನ್‌ಗೆ 1,200 ರೂಪಾಯಿ. ಯೂನಿಟ್‌ನವರು ಬಿಲ್ ಮಾಡಿದ್ದು 600 ಪೀಸ್, ಪೀಸಿಗೆ 100. ಎರಡೂ 60,000ವೇ. ಐಆರ್‌ಎನ್ ಬಂತು, ಮಾಲು ಹೋಯ್ತು, ಗೋಡೌನ್‌ನವರು ಎಣಿಸಿ ಸಹಿ ಹಾಕಿದ್ರು. ಆದ್ರೆ ಖರೀದಿದಾರರ ಸಿಸ್ಟಂನಲ್ಲಿ ಒಂದು ನಿಯಮ: ಬಿಲ್ಲಿನ ಸಂಖ್ಯೆ ಆರ್ಡರ್ ಸಂಖ್ಯೆಗಿಂತ ಜಾಸ್ತಿ ಇದ್ರೆ ತಿರಸ್ಕರಿಸು. 600 ಅನ್ನೋದು 50ಕ್ಕಿಂತ ಜಾಸ್ತಿ, ತಿರಸ್ಕಾರ. ಫೋನ್ ಮಾಡಿದ್ರೆ "ಸಿಸ್ಟಂ ತಗೋತಿಲ್ಲ ಸಾರ್" ಅಂತ ಉತ್ತರ. ಸಿಸ್ಟಂ ಅಂದ್ರೆ ಯಾರು ಸ್ವಾಮಿ?

ಆ ನಿಯಮ ಬರೆದವರು ದಡ್ಡರಲ್ಲ. ಕೋಡ್ ತಪ್ಪಿಲ್ಲದೆ ಓಡ್ತಿದೆ. ಮೊದಲು ಅಳತೆಯ ಘಟಕ ಒಂದೇ ಮಾಡಿ ಆಮೇಲೆ ಹೋಲಿಸಬೇಕು ಅಂತ ಹೇಳೋರು ಆ ಟೇಬಲ್ ಸುತ್ತ ಇರ್ಲಿಲ್ಲ, ಅಷ್ಟೇ. ಸ್ಟೋರ್ಸ್ ಲೆಡ್ಜರ್ ಬರೆದ ಯಾರೇ ಆದ್ರೂ ಅದನ್ನ ಮೊದಲ ದಿನವೇ ಹೇಳ್ತಿದ್ರು. ಸಣ್ಣ ಉದ್ದಿಮೆಗೆ ಒಪ್ಪಂದ ಏನೇ ಇರಲಿ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ಆದ್ರೆ ಬಿಲ್ಲೇ ಒಳಗೆ ಹೋಗದೆ ಇದ್ದಾಗ ಯಾವ ಸಣ್ಣ ಯೂನಿಟ್‌ನವನು ದೊಡ್ಡ ಗಿರಾಕಿ ಮುಂದೆ ಕಾಯ್ದೆ ಓದ್ತಾನೆ? ಹದಿನೈದು ಜನರ ಸಂಬಳ ಅದೇ ದುಡ್ಡಲ್ಲಿ ಆಗಬೇಕು.

ಇನ್ನೊಂದು ಉದಾಹರಣೆ, ಇದು ನನಗೆ ಇನ್ನೂ ಇಷ್ಟ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯ್ತು, 12 ಪರ್ಸೆಂಟ್ ಸ್ಲ್ಯಾಬ್ ಬಹುಪಾಲು ಮಾಯ. "ಇನ್ಮೇಲೆ 12 ಅಂತ ಬಂದ್ರೆ ತಡೆ" ಅಂತ ನಿಯಮ ಹಾಕೋದು ಎರಡು ನಿಮಿಷದ ಕೆಲಸ. ಆದ್ರೆ ಆಗಸ್ಟ್‌ನಲ್ಲಿ 12ರಲ್ಲಿ ಮಾರಿದ ಮಾಲು ಅಕ್ಟೋಬರ್‌ನಲ್ಲಿ ವಾಪಸ್ ಬಂದ್ರೆ? ಕ್ರೆಡಿಟ್ ನೋಟ್ ಹಳೇ ಬಿಲ್ಲಿನ ದರದಲ್ಲೇ ಆಗಬೇಕು, 12ರಲ್ಲೇ. ಆ ನಿಯಮ ಸರಿಯಾದ ಕ್ರೆಡಿಟ್ ನೋಟನ್ನೇ ತಡೆಯುತ್ತೆ. ಸರಿಯಾದ ನಿಯಮ ದರವನ್ನ ಇವತ್ತಿನ ತಾರೀಖಿಗೆ ಕಟ್ಟಲ್ಲ, ಮೂಲ ವ್ಯವಹಾರದ ತಾರೀಖಿಗೆ ಕಟ್ಟುತ್ತೆ. ಇದನ್ನ ಹೇಳೋಕೆ ಕೋಡಿಂಗ್ ಬೇಕಾ ಹೇಳಿ?

ಬಿಸಿಎ ಓದೋ ನನ್ನ ಗೆಳೆಯ ಇದನ್ನೆಲ್ಲ ಕೇಳಿ ನಕ್ಕ. "ನಿಮ್ಮ ಅಕೌಂಟ್ಸ್‌ನವರನ್ನ ನಿಯಮ ಏನು ಅಂತ ಕೇಳಿದ್ರೆ, ಸ್ವಲ್ಪ ಹೆಚ್ಚುಕಮ್ಮಿ ಇದ್ರೆ ಬಿಟ್ಬಿಡಿ ಅಂತಾರೆ. ಆ ಸ್ವಲ್ಪ ಅಂದ್ರೆ ಎಷ್ಟು ಅಂತ ಯಂತ್ರಕ್ಕೆ ಯಾರು ಹೇಳ್ಬೇಕು?" ಅಂದ. ಮಾತಲ್ಲಿ ಸತ್ಯ ಇದೆ. ನಮಗೆ ಅನುಭವದಿಂದ ಗೊತ್ತಿರೋದನ್ನ ಅಂಕಿಯಲ್ಲಿ ಹೇಳೋ ಅಭ್ಯಾಸ ಇಲ್ಲ. ವ್ಯತ್ಯಾಸ 1 ಪರ್ಸೆಂಟ್ ತನಕ ಬಿಡಬಹುದು ಅಂದ್ಕೊಳ್ಳಿ. 60,000ದ ಬಿಲ್ಲಲ್ಲಿ ಅದು 600 ರೂಪಾಯಿ, ಚಿಂತೆ ಇಲ್ಲ. 10 ಲಕ್ಷದ ಬಿಲ್ಲಲ್ಲಿ 10,000! ಯಾರೂ ನೋಡದೆ ಹೋಗಿಬಿಡುತ್ತೆ. ಹಾಗಾಗಿ "1 ಪರ್ಸೆಂಟ್ ಅಥವಾ 500 ರೂಪಾಯಿ, ಯಾವುದು ಕಮ್ಮಿಯೋ ಅದು" ಅಂತ ಬರೀಬೇಕು. ಹೀಗೆ ಬರೆದುಕೊಟ್ರೆ ಅವನು ಅರ್ಧ ಗಂಟೆಯಲ್ಲಿ ಕೋಡ್ ಮಾಡ್ತಾನಂತೆ.

ಮಾನಕದ ಮ್ಯಾಪನ್ನೇ ತಿದ್ದಿ ಅದರೊಳಗೆ ನಮ್ಮ ನಿಯಮ ತುರುಕೋದಕ್ಕೆ ನಾನು ವಿರೋಧಿ. 810ರಲ್ಲೂ, ನಮ್ಮ ಇ-ಇನ್‌ವಾಯ್ಸ್‌ನಲ್ಲೂ ಆರ್ಡರ್ ನಂಬರ್ ಐಚ್ಛಿಕ. ಅದನ್ನ ನಿಮ್ಮ ಸರಬರಾಜುದಾರರಿಗೆ ಕಡ್ಡಾಯ ಮಾಡ್ತೀರಾ, ಮಾಡಿ, ತಪ್ಪಿಲ್ಲ, ಮೊದಲೇ ಅವರಿಗೆ ಹೇಳಿ ಮಾಡಿ. ಆದ್ರೆ ರೇಟ್, ತೆರಿಗೆ, ಎರಡೆರಡು ಸಲ ಬಂದ ಬಿಲ್ ಇವುಗಳ ನಿಯಮ ಪ್ರತ್ಯೇಕ ಪಟ್ಟಿಯಲ್ಲಿರಲಿ. ಮಾನಕದ ಹೊಸ ಆವೃತ್ತಿ ಬಂದ ದಿನ ಹಳೇ ಮ್ಯಾಪ್ ಎತ್ತಿ ಹೊಸದು ಹಾಕ್ತಾರೆ, ಒಳಗೆ ಬಚ್ಚಿಟ್ಟ ನಿಯಮವೂ ಅದರ ಜೊತೆ ಹೋಗುತ್ತೆ. ಯಾರಿಗೂ ಗೊತ್ತೇ ಆಗಲ್ಲ.

ಪ್ರತಿ ನಿಯಮದ ಪಕ್ಕ ಯಾರು ಕೇಳಿದ್ದು, ಯಾವತ್ತಿಂದ, ಸಿಕ್ಕಿದ್ರೆ ತಿರಸ್ಕಾರವೋ ಇಲ್ಲ ಬರೀ ಎಚ್ಚರಿಕೆಯೋ ಅಂತ ಕನ್ನಡದಲ್ಲೋ ಇಂಗ್ಲಿಷಲ್ಲೋ ಒಂದು ಸಾಲು ಇರಬೇಕು. ವೋಚರ್‌ಗೆ ನರೇಶನ್ ಇಲ್ಲದಿದ್ರೆ ನಮ್ಮ ಸಾರ್ ಅಂಕ ಕೊಡಲ್ಲ, ಲಕ್ಷಾಂತರ ರೂಪಾಯಿ ತಡೆಯೋ ನಿಯಮಕ್ಕೆ ನರೇಶನ್ ಬೇಡ್ವಾ? ನನ್ನ ಪ್ರಕಾರ ಮೊತ್ತ ಮತ್ತು ತೆರಿಗೆಯ ತಪ್ಪಿಗೆ ಮಾತ್ರ ತಿರಸ್ಕಾರ, ಉಳಿದದ್ದಕ್ಕೆಲ್ಲ ಎಚ್ಚರಿಕೆ ಸಾಕು, ಒಬ್ಬ ಮನುಷ್ಯ ನೋಡಿ ಒಪ್ಪಲಿ. ಎರಡೆರಡು ಸಲ ಬಂದ ಬಿಲ್ ಕೂಡ ಎಚ್ಚರಿಕೆಯಲ್ಲೇ ಇರಲಿ. ಯಂತ್ರಕ್ಕೆ ಎಬಿ/101 ಬೇರೆ, ಎಬಿ-101 ಬೇರೆ. ಚಿಹ್ನೆ ತೆಗೆದು ಹೋಲಿಸಿದ್ರೆ ಎರಡೂ ಒಂದೇ ಅನ್ನಿಸುತ್ತೆ, ಆದ್ರೆ ನಿಜಕ್ಕೂ ಒಂದೇನಾ ಅಂತ ಮೊತ್ತ, ತಾರೀಖು ಇಟ್ಟು ನೋಡೋಕೆ ಕಣ್ಣು ಬೇಕು.

ನಮ್ಮ ಕಾಲೇಜಿನ ಲ್ಯಾಬಲ್ಲಿ ಟ್ಯಾಲಿ ಕಲಿಸ್ತಾರೆ, ಎಂಟ್ರಿ ಹಾಕೋದು ಬರುತ್ತೆ. ಆ ಎಂಟ್ರಿಯನ್ನ ಇನ್ನೊಂದು ಕಂಪ್ಯೂಟರ್ ಯಾಕೆ ಒಪ್ಪಲ್ಲ ಅನ್ನೋದು ಯಾವ ಪೇಪರ್‌ನಲ್ಲೂ ಇಲ್ಲ. ಒಂದು ಆರ್ಡರ್, ಒಂದು ಬಿಲ್, ಹತ್ತು ನಿಯಮ ಕೊಟ್ಟು "ಇದರಲ್ಲಿ ಯಾವ ನಿಯಮ ಅನ್ಯಾಯ?" ಅಂತ ಒಂದು ಪ್ರಶ್ನೆ ಇಟ್ಟರೂ ಸಾಕಿತ್ತು. ಎಂಟ್ರಿ ಹಾಕೋ ಕೆಲಸ ಯಂತ್ರ ತಗೋತಿದೆ ಅಂತ ಕ್ಯಾಂಟೀನಲ್ಲಿ ಕೂತು ಹೆದರ್ತೀವಿ, ಆ ಯಂತ್ರಕ್ಕೆ ಲೆಕ್ಕ ಹೇಳಿಕೊಡೋ ಕುರ್ಚಿ ಖಾಲಿ ಇದೆ.

ನಿಮ್ಮ ಮನೆಯವರ ಅಂಗಡಿಯಲ್ಲೋ ಫ್ಯಾಕ್ಟರಿಯಲ್ಲೋ "ಸಿಸ್ಟಂ ತಗೋತಿಲ್ಲ" ಅಂತ ವಾಪಸ್ ಬಂದ ಬಿಲ್ ಇದ್ರೆ ಕಾರಣ ಏನು ಅಂತ ಕೆಳಗೆ ಹಾಕಿ, ಕಂಪನಿ ಹೆಸರು ಬೇಡ. ಭಾಗ 8ರಲ್ಲಿ ಅವುಗಳನ್ನೇ ಒಂದೊಂದಾಗಿ ಬಿಡಿಸೋಣ.

#ಕಾಮರ್ಸ್‌ಕಟ್ಟೆ #ಬಿಕಾಂ #ಇಇನ್‌ವಾಯ್ಸ್ #ಕನ್ನಡದಲ್ಲಿಲೆಕ್ಕ