ತಿರಸ್ಕಾರದ ಕಾಗದ ಟ್ರಂಕಿಗೆ ಹಾಕುವ ಮುಂಚೆ

ಒಕ್ಕಲುತನದ ಪತ್ರಿಕೆಯಲ್ಲಿ ಮಿಲಿಟ್ರಿ ಪಿಂಚಣಿ ಮಾತು ಯಾಕೆ ಅಂತ ಓದುಗರು ಕೇಳಬಹುದು. ಗದಗ ಕಡೆಯ ನಮ್ಮ ಎರೆ ಸೀಮೆಯಲ್ಲಿ ಮಳೆ ನಂಬಿದ ಎಷ್ಟೋ ಮನೆಗಳು ಒಬ್ಬ ಮಗ ಹೊಲಕ್ಕೆ, ಒಬ್ಬ ಮಿಲಿಟ್ರಿಗೆ ಅಂತ ಬದುಕಿವೆ. ನಮ್ಮದೂ ಹಾಗೇ. ನಾನು ಏಳನೇತ್ತೆ ಮುಗಿಸಿ ಗಳೇ ಹಿಡಿದೆ, ತಮ್ಮ ಸೈನ್ಯ ಸೇರಿದ.

17 ವರ್ಷ ಸೇವೆ ಮುಗಿಸಿ 2016ರಲ್ಲಿ ಬಂದ. ಹೋಗುವಾಗ ಕಲ್ಲಿನಂಥ ಹುಡುಗ, ಬರುವಾಗ ಕೈಯಲ್ಲಿ ಬಿ.ಪಿ. ಗುಳಿಗೆ ಚೀಟಿ. ಬಿಸಿಲಲ್ಲಿ ನಾಲ್ಕು ಸಾಲು ಎಡೆ ಹೊಡೆದರೆ ತಲೆ ತಿರುಗಿ ಬದುವಿನ ಮೇಲೆ ಕೂಡುತ್ತಾನೆ. ಬಿಡುಗಡೆಯ ಮೆಡಿಕಲ್ ಬೋರ್ಡು ಅಂಗವೈಕಲ್ಯ ಶೇ. 30 ಅಂತ ಬರೆಯಿತು. ಆದರೆ ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದಿತು. ಸಾದಾ ಪಿಂಚಣಿ ಬಂತು, ಅಂಗವೈಕಲ್ಯದ ಪಾಲು ಬರಲಿಲ್ಲ. ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದಿತ್ತು. ಅಂವ ಕಾಗದ ಮಡಚಿ ಟ್ರಂಕಿಗೆ ಹಾಕಿಬಿಟ್ಟ, ನಮಗೂ ಹೇಳಲಿಲ್ಲ.

ಮೊನ್ನೆ ಕಡಲೆ ಒಕ್ಕುವಾಗ ಮಾತು ಬಂತು. "ಹೋಗ್ಲಿ ಬಿಡಣ್ಣಾ, ಉಂಡ ಮನಿ ಮ್ಯಾಲೆ ದಾವಾ ಹಾಕೋದೇನು? ಭಿಕ್ಷಾ ಬೇಡಿದಂಗ ಆಗತೈತಿ" ಅಂದ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಳತೆ ತಪ್ಪಿ ನಮ್ಮ ಎರಡು ಗುಂಟೆ ಪಕ್ಕದವನ ಉತಾರಕ್ಕೆ ಹೋದರೆ ಮರು ಅಳತೆ ಕೇಳುತ್ತೇವೆ. ಅದನ್ನು ಯಾರೂ ಭಿಕ್ಷೆ ಅನ್ನುವುದಿಲ್ಲ.

ಹಾಗಂತ ಎಲ್ಲರೂ ಮೇಲ್ಮನವಿ ಹಾಕಿ ಅಂತಲೂ ನಾನು ಹೇಳುವುದಿಲ್ಲ. ಸಿಟ್ಟಿಗೆ ಹಾಕಬಾರದು, ನಾಚಿಕೆಗೆ ಬಿಡಬಾರದು. ಬೋರ್ಡಿನ ಕಾಗದ ಏನು ಹೇಳುತ್ತದೆ ಅದನ್ನು ನೋಡಬೇಕು. ಅದು ಕೈಯಲ್ಲಿ ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ ತರಿಸಬಹುದು, ಮಾಹಿತಿ ಹಕ್ಕಿನಲ್ಲೂ ಕೇಳಬಹುದು.

ಅವಧಿ ಮುಗಿಸಿ ಬಂದವನಿಗೆ ಶೇ. 20ಕ್ಕಿಂತ ಕಡಿಮೆ ಬರೆದಿದ್ದರೆ ಜಗಳ ಡಾಕ್ಟರ ಅಂದಾಜಿನ ಮೇಲೆ. ಅದು ಕಷ್ಟದ ಜಗಳ. ರಜೆಯಲ್ಲಿ ಊರಿಗೆ ಬಂದಾಗ ಬಿದ್ದು ಪೆಟ್ಟಾಗಿದ್ದರೆ ಇನ್ನೂ ಕಷ್ಟ. ರಜೆಯಲ್ಲಿ ಸೋದರಿಯ ಮನೆಗೆ ಹೋಗಿ ಬಿದ್ದ ಒಬ್ಬ ಸೈನಿಕನಿಗೆ 2015ರಲ್ಲಿ ಸುಪ್ರೀಂ ಕೋರ್ಟೇ ಇಲ್ಲ ಎಂದಿತು, ಸೇವೆಗೂ ಪೆಟ್ಟಿಗೂ ಸಂಬಂಧವಿಲ್ಲ ಅಂತ. ಅಂಥವರು ಕಾಳು ಮಾರಿ ವಕೀಲರಿಗೆ ಕೊಡುವ ಮುಂಚೆ ಹತ್ತು ಸಲ ಯೋಚಿಸಬೇಕು.

ತಮ್ಮನಂಥವರ ಸಂಗತಿ ಬೇರೆ. ಸೇರುವಾಗ ತಪಾಸಣೆಯಲ್ಲಿ ಈ ರೋಗ ಬರೆದಿಲ್ಲ, ಶೇಕಡಾ 20 ದಾಟಿದೆ, ಆದರೂ ಸೇವೆ ಕಾರಣವಲ್ಲ ಅಂತ ಒಂದೇ ಸಾಲು. ಧರ್ಮವೀರ್ ಸಿಂಗ್ ಎಂಬ ಸೈನಿಕನಿಗೂ ಹೀಗೇ ಆಗಿತ್ತು. ಸುಮಾರು 9 ವರ್ಷ ಸೇವೆ ಮಾಡಿದ ಮೇಲೆ ಮೂರ್ಛೆರೋಗ ಅಂತ 1994ರಲ್ಲಿ ಮನೆಗೆ ಕಳಿಸಿದ್ದರು. 2013ರಲ್ಲಿ ಸುಪ್ರೀಂ ಕೋರ್ಟು ಅವರ ಪರ ಹೇಳಿತು: ಸೇರುವಾಗ ರೋಗ ದಾಖಲಾಗಿಲ್ಲ ಎಂದರೆ ಆಗ ಆತ ಗಟ್ಟಿ ಇದ್ದ ಅಂತಲೇ ಹಿಡಿಯಬೇಕು. ಸೇವೆ ಕಾರಣವಲ್ಲ ಎನ್ನುವ ಬೋರ್ಡು ಯಾಕೆ ಅಲ್ಲ ಅಂತ ಕಾರಣ ಬರೆಯಬೇಕು. ಸಾಬೀತು ಮಾಡುವ ಭಾರ ಸೈನಿಕನ ಮೇಲಿಲ್ಲ. (2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮ ಇದೆ. ಅವರು ಅದನ್ನು ತಿಳಿದವರಿಂದ ಓದಿಸಿಕೊಂಡೇ ಮುಂದುವರಿಯಲಿ.)

ದುಡ್ಡಿನ ಲೆಕ್ಕವೂ ಸಣ್ಣದಲ್ಲ. 2014ರ ರಾಮ್ ಅವತಾರ್ ತೀರ್ಪಿನಂತೆ ಶೇ. 30 ಇದ್ದದ್ದನ್ನು 50ಕ್ಕೆ ಏರಿಸಿ ಲೆಕ್ಕ ಹಿಡಿಯುತ್ತಾರೆ. ಪೂರ್ತಿ 100ಕ್ಕೆ ಕೊನೆಯ ಸಂಬಳದ ಶೇ. 30, ಐವತ್ತಕ್ಕೆ ಅದರ ಅರ್ಧ. ನಮ್ಮಂಥವರಿಗೆ ಇದು ಮಳೆ ಕೈಕೊಟ್ಟ ವರ್ಷವೂ ತಪ್ಪದೆ ಬರುವ ಬೆಳೆ. ಆದರೆ ತಡ ಮಾಡಿದವರಿಗೆ ನಷ್ಟ ಇದೆ. ಇಂಥ ಪಿಂಚಣಿ ದಾವೆಯಲ್ಲಿ ಹಿಂದಿನ ಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದು ಮಾತ್ರ ಅಂತ 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದಾರೆ. ನಮ್ಮ ಟ್ರಂಕಿನಲ್ಲಿ ಎಷ್ಟು ವರ್ಷದ್ದು ಮುಗ್ಗಿತು, ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಪೇಟೆಯಲ್ಲಿ ಒಬ್ಬ ದಲ್ಲಾಳಿ "ಬಾಕಿಯೊಳಗ ಅರ್ಧಾ ನಂದು, ಕೆಲಸಾ ಮಾಡಿಸಿ ಕೊಡ್ತೀನಿ" ಅಂದ. ಬಂದ ಹಣದಲ್ಲಿ ಪಾಲು ಕೇಳುವುದು ವಕೀಲರಿಗೇ ನಿಷಿದ್ಧ, ದಲ್ಲಾಳಿಗೆ ಎಲ್ಲಿಯ ಹಕ್ಕು? ಮೊದಲ ಮೇಲ್ಮನವಿ, ಎರಡನೆಯದು ಇವೆರಡಕ್ಕೂ ವಕೀಲರೇ ಬೇಕೆಂದಿಲ್ಲ. ಕಾಗದ ಬರೆದು ರೆಕಾರ್ಡ್ ಆಫೀಸಿನ ಮೂಲಕ ಕಳಿಸಬಹುದು. ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದಕ್ಕೆ ಖರ್ಚು, ಓಡಾಟ ಇದೆ. ಜಿಲ್ಲಾ ಸೈನಿಕ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ, ಉಚಿತ ಕಾನೂನು ನೆರವಿನ ಬಗ್ಗೆಯೂ ಅಲ್ಲೇ ವಿಚಾರಿಸಬೇಕು.

ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಮೇಲ್ಮನವಿ ತಡವಾಯಿತು ಅಂತ ವಾಪಸು ಕಳಿಸಿದರೆ ಏನು ಮಾಡೋಣ ಅನ್ನುತ್ತಾನೆ. ಕಳಿಸಲಿ, ಅದೂ ಒಂದು ಕಾಗದವೇ, ಮುಂದಿನ ಕಡೆ ತೋರಿಸಲಿಕ್ಕೆ ಬೇಕಾಗುತ್ತದೆ ಅಂದೆ. ಅವನ ಹೆಂಡತಿ ಟ್ರಂಕ್ ತೆಗೆದು ಸೇರುವಾಗಿನ ತಪಾಸಣೆ ಚೀಟಿ, ಲೇಹ್ ಕಡೆ ಇದ್ದಾಗಿನ ಆಸ್ಪತ್ರೆ ಚೀಟಿ, ಬೋರ್ಡಿನ ಕಾಗದ ಎಲ್ಲ ಒಂದು ಚೀಲಕ್ಕೆ ಹಾಕಿಟ್ಟಿದ್ದಾಳೆ. ಸೋಮವಾರ ಮುಂಜಾನೆ ಬಸ್ಸಿಗೆ ಇಬ್ಬರೂ ಗದಗಕ್ಕೆ ಹೊರಟಿದ್ದೇವೆ.